ಮ್ಯಾಚಿಂಗ್ ಬ್ಲೌಸ್ ಪೀಸೂ ನನ್ನ ಕಾವ್ಯಾಭ್ಯಾಸವೂ

ಬ್ಲೌಸ್ ಪೀಸ್ ಕೊಳ್ಳಲು ಹೋಗುವಾಗ ಸೀರೆಯನ್ನು ಜೊತೆಗೇ ಒಯ್ಯುವುದು ನನ್ನ ಅಭ್ಯಾಸ. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲವೆಂದೇ ಮೊನ್ನೆ ಮೊನ್ನೆಯವರೆಗೂ ತಿಳಿದಿದ್ದೆ. ನಮ್ಮ ಮೈಸೂರಿನ ಯಾವ ಮ್ಯಾಚಿಂಗ್ ಸೆಂಟರಿಗಾದರೂ ಹೋಗಿ ನೋಡಿ, ಸೀರೆಯ ಕವರನ್ನು ಕಂಕುಳಲ್ಲಿ ಇರುಕಿಕೊಂಡ ಹೆಂಗಸರು ಕೌಂಟರಿನ ಮುಂದೆ ಒತ್ತಿಕೊಂಡು ನಿಂತಿರುತ್ತಾರೆ. ಅವರ ನಡುವೆ ಬರಿಗೈಯಲ್ಲಿ ಬಂದು ಬಣ್ಣ ಹುಡುಕುವವರೂ ಇರುತ್ತಾರೆ ಎಂಬುದನ್ನು ನಾನು ಗಮನಿಸಿರಲೇ ಇಲ್ಲ. ಗಮನಿಸಿದ್ದರೆ ಈಗ ಆಗಿರುವ ಆಘಾತ ಚಿಕ್ಕ ವಯಸ್ಸಿನಲ್ಲೇ ಆಗಿ, ಇಷ್ಟು ಹೊತ್ತಿಗೆ ವಾಸಿಯೂ ಆಗಿರುತ್ತಿತ್ತು.

ಅವತ್ತು ನನ್ನ ಜೊತೆ ಬಂದಿದ್ದವಳು ನಾಗರತ್ನ. ಚಾಮರಾಜಪುರಂನಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದವರು ನಾವು. ಮದುವೆಯಾದ ಮೇಲೂ ಅದೇ ಬಡಾವಣೆಯಲ್ಲಿ ಒಂದು ಬೀದಿ ಆಚೆ ಈಚೆ ಉಳಿದುಕೊಂಡವರು. ಅವಳಿಗೆ ಹಸಿರು ರೇಷ್ಮೆ ಸೀರೆಯೊಂದಕ್ಕೆ ಬ್ಲೌಸ್ ಪೀಸ್ ಬೇಕಿತ್ತು. ಅಂಗಡಿಯವನು ಹಸಿರು ಥಾನುಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಕಿದ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಹಸಿರು. ನಾಗು "ಇದಲ್ಲ, ಇದೂ ಅಲ್ಲ" ಎನ್ನುತ್ತಾ ಬಂದವಳು ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದು, "ಇದು ಕೊಡಪ್ಪ" ಅಂದುಬಿಟ್ಟಳು.

"ಸೀರೆ ತಂದಿಲ್ವಲ್ಲೇ. ಇದೇ ಸರಿ ಅಂತ ಹೆಂಗೆ ಗೊತ್ತಾಯ್ತು?" ಎಂದೆ.

"ನೋಡಿದ್ನಲ್ಲ."

"ಯಾವಾಗ?"

"ಈಗ ಕಣ್ಣು ಮುಚ್ಚಿದ್ನಲ್ಲ, ಆವಾಗ."

"ಕಣ್ಣು ಮುಚ್ಚಿದ್ರೆ ಕತ್ತಲೆ ತಾನೇ?"

ನನಗೆ ಜ್ವರ ಬಂದಿದೆಯೇನೋ ಎಂಬಂತೆ ನಾಗು ನನ್ನನ್ನು ನೋಡಿದಳು. "ಸೀರೆ ಕಾಣುತ್ತೆ ಕಣೇ. ಬೀರುನಲ್ಲಿ ಮೇಲಿನ ಅರೇಲಿದೆ, ಅಂಚಲ್ಲಿ ಸಣ್ಣ ಮಾವಿನಕಾಯಿ. ಯಾಕೆ, ನಿಂಗೆ ಹಂಗೆ ಕಾಣಲ್ವಾ?"

ಕತ್ತರಿ ಹಿಡಿದು ನಿಂತಿದ್ದ ಅಂಗಡಿಯವನೂ ಬಾಯಿ ಹಾಕಿದ. "ನಮಗೂ ಕಾಣುತ್ತೆ ಮೇಡಂ. ಬೆಳಗ್ಗೆ ಬಂದೋರ ಸೀರೆ ಬಣ್ಣ ಸಂಜೆವರೆಗೂ ತಲೇಲಿ ಕೂತಿರುತ್ತೆ. ಇಲ್ದಿದ್ರೆ ಈ ವ್ಯಾಪಾರ ಮಾಡೋಕಾಗುತ್ತಾ?"

ನಾನು ನನ್ನ ಸೀರೆಯ ಕವರನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿದುಕೊಳ್ಳಲು ಅಲ್ಲಿ ಬೇರೇನೂ ಇರಲಿಲ್ಲ. ಅಲ್ಲೇ ಕಣ್ಣು ಮುಚ್ಚಿ ಆ ಕವರಿನೊಳಗಿನ ಸೀರೆಯನ್ನು ನೋಡಲು ಪ್ರಯತ್ನಪಟ್ಟೆ. ಕಂದು ಬಣ್ಣ, ಹಳದಿ ಅಂಚು, ತವರಿನಲ್ಲಿ ಗೌರಿ ಹಬ್ಬಕ್ಕೆ ಕೊಟ್ಟದ್ದು ಎಂದು ಮಾತು ಮಾತಾಗಿ ಎಲ್ಲವೂ ಬಂತು. ಸೀರೆ ಮಾತ್ರ ಬರಲಿಲ್ಲ. ರೆಪ್ಪೆಯ ಹಿಂದೆ ಎಂದಿನ ಕತ್ತಲೆ ಎಂದಿನಂತೆಯೇ ಇತ್ತು.

ಇಷ್ಟಕ್ಕೇ ಗಾಬರಿ ಬೀಳಬೇಕೇ ಎಂದು ನೀವು ಕೇಳಬಹುದು. ನಾನು ಅಡಿಗೆಯ ಕಂಟ್ರಾಕ್ಟರೋ ಬ್ಯಾಂಕಿನವಳೋ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನಾನು ಜೀವಮಾನವಿಡೀ ಕಾಲೇಜಿನಲ್ಲಿ ಕನ್ನಡ ಸಾಹಿತ್ಯ ಪಾಠ ಹೇಳಿ ನಿವೃತ್ತಳಾದವಳು. ಸಾಹಿತ್ಯದ ಅಭ್ಯಾಸಕ್ಕೆ ಮೊದಲು ಬೇಕಾದದ್ದು ಕಲ್ಪನೆ ಎಂದು ಪ್ರತಿ ವರ್ಷದ ಮೊದಲ ತರಗತಿಯಲ್ಲೂ ತಪ್ಪದೆ ಭಾಷಣ ಮಾಡಿದವಳು. "ಎಲ್ಲರೂ ಕಣ್ಣು ಮುಚ್ಚಿ. ಆ ಕಾಡನ್ನು ನೋಡಿ, ಆ ಕೊಳವನ್ನು ನೋಡಿ" ಎನ್ನುತ್ತಿದ್ದೆ. ಮಕ್ಕಳು ವಿಧೇಯರಾಗಿ ಕಣ್ಣು ಮುಚ್ಚುತ್ತಿದ್ದರು. ಆ ಬಿಡುವಿನಲ್ಲಿ ನಾನು ನೀರು ಕುಡಿದು, ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದೆ. ಕೈ ಕಟ್ಟಿ ಕೂತುಕೊಳ್ಳಿ ಎನ್ನುತ್ತೇವಲ್ಲ, ಇದೂ ಅಂಥದೇ ಒಂದು ಶಿಸ್ತಿನ ಕ್ರಮ ಎಂದು ನನ್ನ ತಿಳಿವಳಿಕೆ. ಅವರು ನಿಜವಾಗಿಯೂ ಕೊಳ ನೋಡುತ್ತಿದ್ದರಂತೆ. ನೀರಿನ ಗ್ಲಾಸು ಹಿಡಿದ ನನ್ನ ಎದುರಿಗೇ ಒಂದಿಡೀ ತರಗತಿ ಕೊಳದ ದಂಡೆಯಲ್ಲಿ ಕೂತಿತ್ತು. ಇದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಹಾಗಾದರೆ ಇಷ್ಟು ವರ್ಷ ನನಗೆ ಅನುಮಾನವೇ ಬರಲಿಲ್ಲವೇ ಎಂದರೆ, ಬರಲಿಲ್ಲ. ಕನ್ನಡ ಎಂ.ಎ. ಮಾಡಿದವರಿಗೆ ಮಾತ್ರ ಆಗಬಹುದಾದ ಒಂದು ತಪ್ಪು ನನ್ನಿಂದ ಆಗಿತ್ತು. ಮನಸ್ಸಿನ ಕಣ್ಣು, ಚಿತ್ತಭಿತ್ತಿ, ಕಣ್ಣ ಮುಂದೆ ಬಂದು ನಿಂತಂತಾಯಿತು, ಇವೆಲ್ಲವನ್ನೂ ನಾನು ಅಲಂಕಾರದ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ. ಮುಖ ಚಂದ್ರನಂತಿದೆ ಎಂದರೆ ಯಾರೂ ಮುಖದ ಮೇಲೆ ಕುಳಿಗಳನ್ನು ಹುಡುಕುವುದಿಲ್ಲ. ಹಾಗೆಯೇ ಕವಿಯ ವರ್ಣನೆ ಕಣ್ಣಿಗೆ ಕಟ್ಟುತ್ತದೆ ಎಂದರೆ ಚೆನ್ನಾಗಿದೆ ಎಂದರ್ಥ, ಅಷ್ಟೇ. ಪ್ರತಿಯೊಂದು ಉತ್ತರ ಪತ್ರಿಕೆಯಲ್ಲೂ ಈ ವಾಕ್ಯ ಇರುತ್ತಿತ್ತು, ನಾನೂ ಅದಕ್ಕೆ ಅಂಕ ಕೊಡುತ್ತಿದ್ದೆ. ಊರೆಲ್ಲ ಅಲಂಕಾರವಿಲ್ಲದೆ ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿದೆ ಎಂದು ಎಂ.ಎ. ಓದಿದವಳಿಗೆ ಹೇಗೆ ಹೊಳೆಯಬೇಕು?

ಈಗ ಹಿಂತಿರುಗಿ ನೋಡಿದರೆ ಸುಳಿವುಗಳಿಗೇನೂ ಬರವಿರಲಿಲ್ಲ. ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ನಿಮ್ಮ ನಿಮ್ಮ ಮನೆ ಬರೆಯಿರಿ ಎಂದಿದ್ದರು. ಪಕ್ಕದಲ್ಲಿ ಕೂತ ನಾಗು ಅವರ ಮನೆಯ ಕಾಂಪೌಂಡಿನ ಒಡೆದ ಮೂಲೆಯನ್ನೂ ಬಿಡದೆ ಬರೆಯುತ್ತಿದ್ದಳು. ನಾನು ಒಂದು ಚೌಕ ಎಳೆದು, ಅದರೊಳಗೆ ಇಲ್ಲಿ ಕಿಟಕಿ, ಇಲ್ಲಿ ಬಾಗಿಲು, ಇಲ್ಲಿ ದಾಸವಾಳದ ಗಿಡ ಎಂದು ದುಂಡಾದ ಅಕ್ಷರದಲ್ಲಿ ಬರೆದು ಕೊಟ್ಟೆ. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನಮ್ಮ ಇದು, ಮನೆನಾ ಪೋಸ್ಟ್ ಕಾರ್ಡಾ" ಅಂದರು. ನನ್ನ ಅಕ್ಷರ ಚೆನ್ನಾಗಿದೆ ಎಂಬ ಹೊಗಳಿಕೆಯೆಂದೇ ನಾನು ಅದನ್ನು ಮನೆಯಲ್ಲಿ ವರದಿ ಮಾಡಿದ್ದೆ.

ಕಾಲೇಜಿಗೆ ಹೋಗುವ ಕಾಲಕ್ಕೆ ನಾವಿಬ್ಬರೂ ಓದಿದ್ದ ಒಂದು ಕಾದಂಬರಿ ಸಿನಿಮಾ ಆಯಿತು. ನೋಡಿಕೊಂಡು ಬರುವಾಗ ದಾರಿಯುದ್ದಕ್ಕೂ ನಾಗು ಸಿಡಿಮಿಡಿಗುಟ್ಟುತ್ತಿದ್ದಳು. ಅವಳು ಹಾಗಿರಲೇ ಇಲ್ಲ ಕಣೇ, ಅವಳ ಹುಬ್ಬು ಹಾಗಲ್ಲ, ನಿಲ್ಲುವ ರೀತಿಯೂ ಹಾಗಲ್ಲ ಎಂದು ನಾಯಕಿಯ ಮೇಲೆ ಅವಳಿಗೆ ಸಿಟ್ಟೋ ಸಿಟ್ಟು. ಕಾದಂಬರಿಯಲ್ಲಿ ಹುಬ್ಬಿನ ಸುದ್ದಿಯೇ ಇಲ್ಲವಲ್ಲ, ಇವಳಿಗೆ ಎಲ್ಲಿ ಸಿಕ್ಕಿತು ಎಂದು ನಾನು ಅಂದುಕೊಂಡಿದ್ದೆ. ಸ್ವಲ್ಪ ಜಂಬ ಹೆಚ್ಚಾಗಿದೆ ಎಂದು ತೀರ್ಮಾನಿಸಿ ಅವಳನ್ನು ಕ್ಷಮಿಸಿಬಿಟ್ಟೆ.

ಮ್ಯಾಚಿಂಗ್ ಸೆಂಟರಿನಿಂದ ಮನೆಗೆ ಬಂದವಳೇ ನಮ್ಮ ಯಜಮಾನರನ್ನು ವಿಚಾರಣೆಗೆ ಕೂರಿಸಿದೆ. ಅವರು ಅಕೌಂಟ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು, ಕಾವ್ಯದ ಕಡೆ ತಲೆ ಹಾಕಿಯೂ ಮಲಗಿದವರಲ್ಲ.

"ರೀ, ಕಣ್ಣು ಮುಚ್ಚಿ. ಒಂದು ದೋಸೆ ನೆನೆಸ್ಕೊಳ್ಳಿ. ಕಾಣುತ್ತಾ?"

"ಕಾಣದೇನು? ಬೆಣ್ಣೆ ಕರಗ್ತಾ ಇದೆ," ಎಂದರು, ಮುಚ್ಚಿದ ಕಣ್ಣಿನಲ್ಲೇ ಮುಖ ಅರಳಿಸಿಕೊಂಡು. "ಚಟ್ನಿ ಸ್ವಲ್ಪ ಕಮ್ಮಿ ಹಾಕಿದ್ದಾನೆ."

ಪದ್ಯ ಕಂಡರೆ ಪತ್ರಿಕೆಯ ಪುಟ ಮಗುಚುವ ಮನುಷ್ಯನ ತಲೆಯಲ್ಲಿ ಬೆಣ್ಣೆ ಕರಗುತ್ತಿದೆ, ನನ್ನ ತಲೆಯಲ್ಲಿ ಖಾಲಿ ಕಾವಲಿಯೂ ಇಲ್ಲ.

"ಅಂದ್ರೆ ನಾನೂ ಕಾಣಲ್ವೇನೇ ನಿಂಗೆ? ನಾನು ಆಚೆ ಹೋದಾಗ?" ಎಂದು ಅವರು ಕೇಳಿದರು.

"ಇಲ್ಲ."

"ಇಷ್ಟು ವರ್ಷ ಸಂಸಾರ ಮಾಡಿ?"

"ಇದ್ದೀರಿ ಅಂತ ಗೊತ್ತಿರುತ್ತೆ. ಕಾಣಲ್ಲ."

ಅವರಿಗೆ ಬಹಳ ನೋವಾಯಿತು. ಆಮೇಲಿನ ದಿನಗಳಲ್ಲಿ ತರಕಾರಿಗೆ ಹೋಗುವ ಮುಂಚೆ ನನ್ನ ಎದುರಿಗೆ ಬಂದು ಸುಮ್ಮನೆ ನಿಂತು, "ನೋಡ್ಕೋ" ಎಂದು ಹೇಳಿ ಹೋಗತೊಡಗಿದರು.

ಇಲ್ಲಿ ನಮ್ಮ ಶನಿವಾರದ ಗೋಷ್ಠಿಯ ವಿಷಯ ಹೇಳಬೇಕು, ಯಾಕೆಂದರೆ ನನ್ನ ಗಾಬರಿಯ ಬೇರು ಇರುವುದು ಅಲ್ಲಿ. ನಾಗು ಒಳ್ಳೆಯ ಗಮಕಿ. ಹಳೆಯ ಕಾವ್ಯವನ್ನು ತಾಳವಿಲ್ಲದೆ ರಾಗವಾಗಿ, ಅರ್ಥ ಕೆಡದಂತೆ ಹಾಡುತ್ತಾಳೆ. ಪಕ್ಕದಲ್ಲಿ ಕೂತು ನಾನು ವ್ಯಾಖ್ಯಾನ ಮಾಡುತ್ತೇನೆ. ಅವಳು ಒಂದು ಪದ್ಯ ಹಾಡಿ ನಿಲ್ಲಿಸಿದರೆ ನಾನು ಅದನ್ನು ಬಿಡಿಸಿ, ಇಂದಿನ ಮಾತಿನಲ್ಲಿ ಹೇಳಬೇಕು. ಅವಳ ಮನೆಯ ಹಾಲಿನಲ್ಲಿ ಪ್ರತಿ ಶನಿವಾರ ಸಂಜೆ ಇದು ನಡೆಯುತ್ತದೆ, ಬೀದಿಯವರೂ ಆಚೀಚೆ ಬಡಾವಣೆಯವರೂ ಬಂದು ಜಮಖಾನೆಯ ಮೇಲೆ ಕೂರುತ್ತಾರೆ. ಹಾಡುವವಳಿಲ್ಲದೆ ವ್ಯಾಖ್ಯಾನ ಇಲ್ಲ, ವ್ಯಾಖ್ಯಾನವಿಲ್ಲದೆ ಹಾಡಿದರೆ ಹಳಗನ್ನಡ ಯಾರ ಕಿವಿಯೊಳಕ್ಕೂ ಇಳಿಯುವುದಿಲ್ಲ. ಅವಳ ಗಂಡ ತೀರಿಹೋದ ಮೇಲೆ ನಾಗುವನ್ನು ಎಬ್ಬಿಸಿ ನಿಲ್ಲಿಸಿದ್ದು ಈ ಶನಿವಾರಗಳು. ನಾನು ಹಿಂದೆ ಸರಿದರೆ ಅವಳ ಹಾಡೂ ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತು.

ಆ ಶನಿವಾರ ಗೋಷ್ಠಿ ಮುಗಿದು ಕಾಫಿ ಬಂದಾಗ ನಾನು ತಡೆಯಲಾರದೆ ಎಲ್ಲರನ್ನೂ ಕೇಳಿದೆ, ನಾನು ಹೇಳುವಾಗ ನಿಮಗೆ ಏನಾದರೂ ಕಾಣುತ್ತದೆಯೇ ಎಂದು. ಇಂಥದ್ದೊಂದನ್ನು ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ ಎಲ್ಲರೂ ಶುರುಹಚ್ಚಿಕೊಂಡರು. ಒಬ್ಬಾಕೆಗೆ ಕಾವ್ಯದಲ್ಲಿ ಬರುವ ಯಾವ ಅರಮನೆಯಾದರೂ ನಮ್ಮ ಅರಮನೆಯೇ, ಅದೂ ಭಾನುವಾರದ ದೀಪ ಹಚ್ಚಿದ ಅರಮನೆ. ಇನ್ನೊಬ್ಬರಿಗೆ ಸಮುದ್ರವೆಂದರೆ ಕುಕ್ಕರಹಳ್ಳಿ ಕೆರೆ. ಹನುಮಂತನಂಥವರು ಹಾರಬೇಕಾದ ಕಡಲಿನ ದಂಡೆಯಲ್ಲಿ ಅವರಿಗೆ ವಾಕಿಂಗ್ ಮಾಡುವವರೂ ಕಾಣುತ್ತಾರಂತೆ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ರಾಜೇಗೌಡರು ಲೋಟ ಕೆಳಗಿಟ್ಟು ಹೇಳಿದರು:

"ನಂಗೆ ರಣರಂಗ ಅಂದ್ರೆ ನಮ್ ಫ್ಯಾಕ್ಟ್ರಿ ಗೇಟು ಕಣಮ್ಮ. ಸಿಫ್ಟು ಬುಟ್ಟಾಗ ಸೈಕಲ್ಲು, ಜನ, ಧೂಳು, ಅಂಗೇ ನುಗ್ಗೋದು. ನೀವು ಸೇನೆ ಬಂತು ಅಂತೀರಲ್ಲ, ನಂಗೆ ಎದೆ ಡವ ಡವ ಅಂತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ನನಗೆ ಒಳಗೆ ದಿಗಿಲು. ಆ ಸೇನೆಯನ್ನು ತಂದು ನಿಲ್ಲಿಸಿದವಳು ನಾನು. ಅದರಲ್ಲಿ ಒಬ್ಬ ಸೈನಿಕನನ್ನೂ ನಾನು ನೋಡಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹೂವಿನ ಮಾಲೆ ಕಟ್ಟುತ್ತಾ ಕೂತಿದ್ದಾಗ ಇದಕ್ಕಿಂತ ದೊಡ್ಡ ವಿಷಯ ತಲೆಗೆ ಬಂತು. ದೋಸೆ ಕಾಣದಿದ್ದರೆ ಹೋಗಲಿ, ಅಮ್ಮ? ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಹೂವನ್ನು ಕೆಳಗಿಟ್ಟು ಪ್ರಯತ್ನಪಟ್ಟೆ. ಎಡ ಹುಬ್ಬಿನ ಹತ್ತಿರ ಒಂದು ಮಚ್ಚೆ, ಬಿಳಿ ಹರಳಿನ ಮೂಗುಬೊಟ್ಟು, ನಕ್ಕರೆ ಮುಚ್ಚಿಹೋಗುವ ಸಣ್ಣ ಕಣ್ಣು. ಪಾಠ ಒಪ್ಪಿಸಿದಂತೆ ಎಲ್ಲವನ್ನೂ ಹೇಳಬಲ್ಲೆ. ಅಮ್ಮ ಮಾತ್ರ ಬರಲಿಲ್ಲ. ಫೋಟೋ ಇದೆ, ನಿಜ. ಅದರಲ್ಲಿ ಅಮ್ಮ ಸ್ಟುಡಿಯೋದವನು ಹೇಳಿದ ಹಾಗೆ ಕೂತಿದ್ದಾಳೆ, ಅದು ನಮ್ಮಮ್ಮ ಕೂರುವ ರೀತಿಯೇ ಅಲ್ಲ. ಉಳಿದವರೆಲ್ಲ ತಮ್ಮ ತಮ್ಮ ತಾಯಂದಿರನ್ನು ಬೇಕೆಂದಾಗ ನೋಡಿಕೊಂಡು, ಏನೂ ಆಗದವರಂತೆ ಬಂದು ನನ್ನ ಜೊತೆ ಮಾತಾಡುತ್ತಿದ್ದರಲ್ಲ. ಬೀದಿಯ ಎಲ್ಲ ಮನೆಗೂ ನಲ್ಲಿ ಇದ್ದು, ನಮ್ಮ ಮನೆಯೊಂದಕ್ಕೆ ಇಲ್ಲ ಎಂದು ಈ ವಯಸ್ಸಿನಲ್ಲಿ ತಿಳಿದಂತಾಯಿತು. ನಾನು ಬಹಳ ಹೊತ್ತು ಅತ್ತೆ. ನಮ್ಮ ಯಜಮಾನರು ಬಂದು, ಏನಾಯಿತೆಂದು ಕೇಳದೆ, ಉಳಿದ ಹೂವನ್ನು ಅಡ್ಡಾದಿಡ್ಡಿ ಕಟ್ಟಿಟ್ಟರು.

ಮುಂದಿನ ಶನಿವಾರಕ್ಕೆ ಇದ್ದದ್ದು ತಾಯಿಯ ಪ್ರಸಂಗ. ಯುದ್ಧಕ್ಕೆ ಹೊರಟ ಮಗನನ್ನು ತಾಯಿ ಕಳಿಸಿಕೊಡುವ ಭಾಗ. ನನ್ನ ವ್ಯಾಖ್ಯಾನಕ್ಕೆ ಏನಾದರೂ ಹೆಸರು ಬಂದಿದ್ದರೆ ಅದು ಈ ಭಾಗದಿಂದ. ನಾವು ಇದನ್ನು ಹಿಂದೆಯೂ ಎಷ್ಟೋ ಸಲ ಹಾಡಿ ಹೇಳಿದ್ದೇವೆ, ಪ್ರತಿ ಸಲವೂ ಹಾಲಿನಲ್ಲಿ ಮೂಗು ಸೀಟುವ ಸದ್ದು ಕೇಳುತ್ತದೆ. ಹೆತ್ತ ತಾಯಿಯ ಮುಖವನ್ನೇ ನೆನಪಿಗೆ ತಂದುಕೊಳ್ಳಲಾಗದವಳು ಯಾವ ಬಾಯಲ್ಲಿ ಇನ್ನೊಬ್ಬ ತಾಯಿಯನ್ನು ವರ್ಣಿಸುವುದು? ನಾಗುವಿಗೆ ಫೋನ್ ಮಾಡಿ, ಇನ್ನು ನನ್ನಿಂದಾಗದು, ಬೇರೆ ಯಾರನ್ನಾದರೂ ನೋಡಿಕೋ ಎಂದುಬಿಟ್ಟೆ.

ಅರ್ಧ ಗಂಟೆಯೊಳಗೆ ನಾಗು ನಮ್ಮ ಮನೆಯ ಸೋಫಾದಲ್ಲಿದ್ದಳು.

"ಏನಾಗಿದೆ ನಿಂಗೆ? ಬ್ಲೌಸ್ ಪೀಸಿಗೋಸ್ಕರ ಯಾರಾದ್ರೂ ಕಾವ್ಯ ಬಿಡ್ತಾರಾ?"

"ನಂಗೆ ಏನೂ ಕಾಣಲ್ಲ ನಾಗು. ಅಮ್ಮನೂ ಕಾಣಲ್ಲ."

ನನ್ನ ಅಮ್ಮನ ಕೈ ಅಡಿಗೆ ಉಂಡು ಬೆಳೆದವಳು ಅವಳು. ಸೋಫಾದ ಅಂಚಿಗೆ ಸರಿದು ಕೇಳಿದಳು:

"ಮತ್ತೆ ಆ ತಾಯಿ ಬಗ್ಗೆ ಅಷ್ಟೆಲ್ಲ ಹೆಂಗೆ ಹೇಳ್ತೀಯ?"

"ನಂದೇನಿದೆ? ಪದ್ಯದಲ್ಲಿ ಇರೋದನ್ನ ಬಿಡಿಸಿ ಹೇಳ್ತೀನಿ."

"ಪದ್ಯದಲ್ಲಿ ಏನಿದೆ?"

"ಅವಳು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದು. ಒದ್ದೆ ಕೈನ ಸೆರಗಿಗೆ ಒರೆಸ್ಕೊಂಡು, ಒಣಗಿದ ಮೇಲೂ ಒರೆಸ್ತಾನೇ ಇದ್ದಿದ್ದು. ಮಗ ಬೀದಿ ತಿರುವಿಗೆ ಹೋದ ಮೇಲೆ ಹೆಸರು ಹಿಡಿದು ಕೂಗಿ, ಅವನು ತಿರುಗಿದ್ರೆ, ಏನೂ ಇಲ್ಲ ಹೋಗು ಅಂದಿದ್ದು."

"ತೆಗಿ ಪುಸ್ತಕ," ಎಂದಳು ನಾಗು.

ಕನ್ನಡಕ ಹಾಕಿಕೊಂಡು ಪುಸ್ತಕ ತೆಗೆದೆ. ಪ್ರಸಂಗವಿರುವ ಪುಟ ತಾನಾಗಿಯೇ ತೆರೆದುಕೊಂಡಿತು, ಅಷ್ಟು ಸಲ ತೆಗೆದಿದ್ದೇನೆ ಅದನ್ನು. ಪದ್ಯದಲ್ಲಿ ತಾಯಿ ಮಗನ ನೆತ್ತಿಯನ್ನು ಮೂಸುತ್ತಾಳೆ, ಹರಸುತ್ತಾಳೆ, ಕಂಬನಿ ತುಂಬಿಕೊಂಡು ಬೀಳ್ಕೊಡುತ್ತಾಳೆ. ಅಷ್ಟೇ. ಹಿಂದಿನ ಪದ್ಯ ನೋಡಿದೆ, ಮುಂದಿನದನ್ನೂ ನೋಡಿದೆ. ಬಾಗಿಲ ಚೌಕಟ್ಟು ಇರಲಿಲ್ಲ. ಒದ್ದೆ ಕೈ ಇರಲಿಲ್ಲ. ಕೂಗಿ ಕರೆದದ್ದು ಎಲ್ಲೂ ಇರಲಿಲ್ಲ. ಬೇರೆ ಮುದ್ರಣದಲ್ಲಿ ಇರಬಹುದು ಎಂದು ಎದ್ದು ಹೋಗಿ ಇನ್ನೊಂದು ಪ್ರತಿ ತಂದೆ. ಅದರಲ್ಲೂ ಇರಲಿಲ್ಲ. ಇಷ್ಟು ವರ್ಷ ನಾನು ಪಾಠದಲ್ಲಿ, ಗೋಷ್ಠಿಯಲ್ಲಿ, ಪದ್ಯದಲ್ಲಿದೆ ಎಂದೇ ಆಣೆ ಮಾಡಿ ಹೇಳಬಹುದಾದಷ್ಟು ನಂಬಿಕೆಯಿಂದ ಹೇಳಿಕೊಂಡು ಬಂದದ್ದು ಪದ್ಯದಲ್ಲಿ ಇರಲೇ ಇಲ್ಲ.

"ಅದು ನಿಮ್ಮಮ್ಮ ಕಣೇ," ಎಂದಳು ನಾಗು. "ನಾವು ಕಾಲೇಜಿಗೆ ಬಸ್ ಹಿಡಿಯೋಕೆ ಹೊರಡೋವಾಗ ದಿನಾ ಹಂಗೇ ನಿಂತಿರ್ತಿದ್ರು. ನಾವು ಬೀದಿ ಕೊನೆಗೆ ಹೋದ ಮೇಲೆ ಇಂದೂ ಅಂತ ಕೂಗೋರು. ನೀನು ತಿರುಗಿದ್ರೆ, ಏನೂ ಇಲ್ಲ, ಹೋಗು ಅನ್ನೋರು. ನೀನು ಮೊದಲನೇ ಸಲ ಅದನ್ನ ಹೇಳಿದಾಗ ನಂಗೆ ಮುಂದಿನ ಪದ್ಯ ಹಾಡೋಕಾಗ್ಲಿಲ್ಲ, ಜ್ಞಾಪಕ ಇದೆಯಾ? ಬೇಕೂ ಅಂತಲೇ ಅಮ್ಮನ್ನ ತಂದಿದ್ದೀಯ ಅಂದ್ಕೊಂಡಿದ್ದೆ ನಾನು."

ನನಗೆ ಬಾರದ ಅಮ್ಮ ನನ್ನ ಮಾತಿನಲ್ಲಿ ಬಂದು, ಆ ಹಾಲಿನ ಜಮಖಾನೆಯ ಮೇಲೆ ಕೂತವರ ಮುಂದೆಲ್ಲ ನಿಂತು ಹೋಗಿದ್ದಾಳೆ. ಅವಳನ್ನು ಯಾವತ್ತೂ ನೋಡದ ಬೀದಿಯವರು ನೋಡಿದ್ದಾರೆ, ಮೇಟಗಳ್ಳಿಯ ರಾಜೇಗೌಡರು ನೋಡಿ ಕಣ್ಣೊರೆಸಿಕೊಂಡಿದ್ದಾರೆ. ಊರಿಗೆಲ್ಲ ಅಮ್ಮನನ್ನು ತೋರಿಸಿದವಳು ನಾನು, ನೋಡದೆ ಉಳಿದವಳೂ ನಾನೊಬ್ಬಳೇ. ಸಂತೋಷಪಡಬೇಕೋ ಹೊಟ್ಟೆಕಿಚ್ಚು ಪಡಬೇಕೋ ತಿಳಿಯದೆ ಎರಡನ್ನೂ ಪಟ್ಟೆ. ನಾಗು ಹೊರಡುವಾಗ, ಶನಿವಾರ ಬರುತ್ತೇನೆ ಎಂದೆ.

ಶನಿವಾರ ಹೋದೆ. ನಾಗು ಹಾಡಿದಳು. ಆ ಪದ್ಯ ಬಂದಾಗ, ಪದ್ಯದಲ್ಲಿ ಇರುವಷ್ಟನ್ನೇ ಹೇಳಿ ಮುಗಿಸಬೇಕೆಂದು ನನ್ನ ಕಾಲೇಜು ಮೇಡಂ ಬುದ್ಧಿ ಒಂದು ಗಳಿಗೆ ಎಚ್ಚರಿಸಿತು. ಕಾವ್ಯಕ್ಕೆ ಸಲ್ಲದ್ದನ್ನು ಸೇರಿಸಬಾರದು ಎಂದು ನಾನೇ ಎಷ್ಟು ಜನಕ್ಕೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದೇನೆ. ಆದರೆ ಬಾಗಿಲು ಹಿಡಿದು ನಿಂತವಳನ್ನು ಹೇಗೆ ಬಿಟ್ಟುಬಿಡಲಿ? ಹೇಳಿದೆ, ಎಲ್ಲವನ್ನೂ ಹೇಳಿದೆ. ಈ ಸಲ ಯಾರನ್ನು ಹೇಳುತ್ತಿದ್ದೇನೆ ಎಂದು ಗೊತ್ತಿದ್ದು ಹೇಳಿದೆ. ನನಗೆ ಏನೂ ಕಾಣಲಿಲ್ಲ. ಎದುರಿಗೆ ಕೂತವರ ಮುಖಗಳನ್ನು ನೋಡುತ್ತಾ ಹೋದೆ, ಅವರು ನೋಡುತ್ತಿದ್ದರು.

ಗೋಷ್ಠಿ ಮುಗಿದು ಎಲ್ಲರೂ ಹೊರಟ ಮೇಲೆ ರಾಜೇಗೌಡರು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತರು. ಏನೋ ಕೇಳಬೇಕೆಂದು ತಡೆದಿದ್ದಾರೆ ಎಂದು ತಿಳಿಯುತ್ತಿತ್ತು.

"ಅಮ್ಮಾವ್ರೇ, ಒಂದ್ ಮಾತು. ಆ ತಾಯಿ ಮಗನ್ನ ಕೂಗಿ, ಏನೂ ಇಲ್ಲ ಓಗು ಅಂದ್ಲಲ್ಲ. ಏನ್ ಏಳಕ್ಕೆ ಅಂತ ಕೂಗಿದ್ಲು? ಪುಸ್ತಕದಾಗೆ ಬರೆದವ್ರಾ ಅದನ್ನ?"

"ಗೊತ್ತಿಲ್ಲ ಗೌಡ್ರೇ," ಎಂದೆ. "ನಂಗೆ ದಿನಾ ಬಸ್ಸಿಗೆ ಹೊತ್ತಾಗಿರ್ತಿತ್ತು."

ಒಂದು ಚಪ್ಪಲಿ ಮೆಟ್ಟಿದ್ದ ಗೌಡರು ಇನ್ನೊಂದನ್ನು ಮೆಟ್ಟದೆ, ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು.